ಡಿವಿಡಿ ಯಕ್ಷಗಾನ ಎಂಪಿ4 ಮಾಡಿದ್ರೆ ಚೆಂಡೆ ಪೆಟ್ಟು ಬಿದ್ದಮೇಲೆ ಸದ್ದು ಬರ್ತದೆ, ಏನ್ಮಾಡೋದು?

ಘಟ್ಟದ_ಕೆಳಗಿನವ

ಎಲ್ರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಹವ್ಯಾಸಿ ವೇಷಧಾರಿ. 1998ರಲ್ಲಿ ದೇವಸ್ಥಾನದ ಎದುರಿನ ಗದ್ದೆಯಲ್ಲಿ ಆದ ಆಟವನ್ನ ಯಾರೋ ಪುಣ್ಯಾತ್ಮರು ವಿಎಚ್‌ಎಸ್ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ರು, ಆಮೇಲೆ 2009ರಲ್ಲಿ ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟು 3 ಡಿವಿಡಿ ಮಾಡಿಸಿದ್ವಿ, ಟೇಪು ಬೂಸ್ಲು ಹಿಡಿದು ಹಾಳಾಯ್ತು, ಈಗ ಇರೋದು ಈ ಡಿವಿಡಿ ಮಾತ್ರ. ದೊಡ್ಡಪ್ಪನಿಗೆ ಬರೋ ತಿಂಗ್ಳು 75 ತುಂಬ್ತದೆ, ಅವತ್ತು ಮನೆ ಟಿವಿಯಲ್ಲಿ ಹಾಕಿ ತೋರಿಸೋಣ ಅಂತ ಹೊರಟವನು ಒಂದು ವಾರದಿಂದ ಒದ್ದಾಡ್ತಾ ಇದ್ದೇನೆ.

ಮಾಡಿದ್ದು ಇಷ್ಟು. ಡಿವಿಡಿ ಒಳಗಿದ್ದ ವಿಒಬಿ ಅನ್ನೋ ವಿಡಿಯೋ ಫೈಲ್‌ಗಳನ್ನ ಲ್ಯಾಪ್‌ಟಾಪ್‌ಗೆ ಕಾಪಿ ಮಾಡ್ದೆ, ಒಂದೊಂದನ್ನೂ ಒಂದು ಫ್ರೀ ಕನ್ವರ್ಟರ್‌ನಲ್ಲಿ ಎಂಪಿ4 ಮಾಡ್ದೆ (1080 ಅಂತ ಇತ್ತು, ಕ್ಲಾರಿಟಿ ಬರ್ಲಿ ಅಂತ ಅದನ್ನೇ ಒತ್ತಿದೆ), ಆಮೇಲೆ ಜಾಯ್ನರ್ ಹಾಕಿ ಒಂದೊಂದು ಡಿಸ್ಕಿನ ತುಂಡುಗಳನ್ನೆಲ್ಲ ಒಂದು ಮಾಡ್ದೆ. ಶುರುವಲ್ಲಿ ಎಲ್ಲ ಸರಿ ಉಂಟು. ಹೋಗ್ತಾ ಹೋಗ್ತಾ ಚೆಂಡೆಯವರ ಕೋಲು ಕೆಳಗೆ ಬಿದ್ದು ಮೇಲೆ ಎದ್ದಾದ್ಮೇಲೆ ಸದ್ದು ಕೇಳ್ತದೆ, ಕೊನೆಗೆ ಹೋಗುವಾಗ ಹತ್ರ ಹತ್ರ ಎರಡು ಸೆಕೆಂಡ್ ತಪ್ಪು. ಇದು ಸಾಲದು ಅಂತ ದೊಡ್ಡಪ್ಪ ಧಿಗಿಣ (ಗಿರಗಿರ ತಿರುಗೋ ಕುಣಿತ) ತೆಗೆಯುವಾಗ ಕೈಕಾಲಿನ ಅಂಚಿಗೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಅಡ್ಡಗೆರೆ ಬರ್ತದೆ. ಕೌರವನ ಕಿರೀಟ ಬೇರೆ ತಟ್ಟೆ ಹಾಗೆ ಅಗಲ ಆಗಿದೆ. ಅಷ್ಟೆಲ್ಲ ಆಗಿ ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದ್ರೆ ಸಪೋರ್ಟ್ ಇಲ್ಲ ಅಂತ ಮೆಸೇಜು. ಯಾರಾದ್ರೂ ದಾರಿ ತೋರಿಸಿ ಮಾರಾಯ್ರೆ.

ಸ್ಪೀಡ್_ಸೀನ

ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ ಬ್ರೋ, ಯಾವುದಾದ್ರೂ ಎಡಿಟರ್‌ನಲ್ಲಿ ಹಾಕಿ ಆಡಿಯೋನ ಎರಡು ಸೆಕೆಂಡ್ ಮುಂದಕ್ಕೆ ಎಳೀರಿ, ಮುಗೀತು ಕಥೆ.

ಚಹಾಪುಡಿ

ಸೀನಣ್ಣ, ಹಾಗೆ ಎಳೆದ್ರೆ ಕೊನೆ ಸರಿ ಹೋಗತ್ತೆ, ಶುರುವಲ್ಲಿ ಸದ್ದು ಎರಡು ಸೆಕೆಂಡ್ ಮುಂಚೆ ಬರತ್ತೆ ಅಷ್ಟೆ. ಅವ್ರು ಬರೆದಿರೋದು ನೋಡಿ, ಶುರುವಲ್ಲಿ ಸರಿ ಇದೆ ಅಂತ. ಪೂರ್ತಿ ಒಂದೇ ಸಮ ತಪ್ಪಿದ್ರೆ ಎಳೆದು ಕೂರಿಸ್ಬೋದು, ಬೆಳೀತಾ ಹೋಗೋ ತಪ್ಪಿಗೆ ಆ ಔಷಧಿ ನಾಟಲ್ಲ.

ಘಟ್ಟದವರೇ, ಮೊದ್ಲು ಎರಡು ವಿಷಯ ನೋಡಿ ಹೇಳಿ. ಒಂದು, ಮೂಲ ಡಿವಿಡಿನೇ ವಿಎಲ್‌ಸಿ ಪ್ಲೇಯರಲ್ಲಿ ನೇರ ಹಾಕಿದ್ರೆ ಚೆಂಡೆ ಸರಿಯಾಗಿ ಕೂತಿದ್ಯಾ? ಅಲ್ಲೇ ತಪ್ಪಿದ್ರೆ ಸ್ಟುಡಿಯೋದವರು ಟೇಪಿಂದ ಇಳಿಸುವಾಗ್ಲೇ ಫ್ರೇಮ್ ಬಿಟ್ಟಿದಾರೆ, ಅದು ಬೇರೆ ಕಾಯಿಲೆ. ಎರಡು, ನಿಮ್ಮ ಎಂಪಿ4ನಲ್ಲಿ ತಪ್ಪು ಎಣ್ಣೆ ಸುರಿದ ಹಾಗೆ ನಿಧಾನಕ್ಕೆ ಜಾಸ್ತಿ ಆಗತ್ತಾ, ಇಲ್ಲ ಒಂದೊಂದು ಜಾಗದಲ್ಲಿ ದಡಕ್ಕಂತ ಹಾರತ್ತಾ? ವಿಎಲ್‌ಸಿಯಲ್ಲಿ ಕೀಬೋರ್ಡಿನ ಜೆ ಒತ್ತಿದ್ರೆ ಪ್ರತಿ ಸಲಕ್ಕೂ ಸದ್ದು 50 ಮಿಲಿಸೆಕೆಂಡ್ ಮುಂಚೆ ಬರತ್ತೆ, ಕೆ ಒತ್ತಿದ್ರೆ ಅಷ್ಟೇ ತಡ ಆಗತ್ತೆ. ಕೋಲು ಬೀಳೋದಕ್ಕೂ ಸದ್ದಿಗೂ ಹೊಂದೋ ತನಕ ಜೆ ಒತ್ತಿ, ಎಷ್ಟು ಸಲ ಒತ್ತಿದ್ರಿ ಅಂತ ಎಣಿಸಿ ಬರ್ಕೊಳ್ಳಿ. 10 ನಿಮಿಷಕ್ಕೊಂದು ಸಲ ಹೀಗೆ ಮಾಡಿ. ಚೆಂಡೆ ಇರೋದು ನಿಮ್ಮ ಅದೃಷ್ಟ, ಭಾಗವತಿಕೆ ಮಾತ್ರ ಇದ್ದಿದ್ರೆ ತುಟಿ ನೋಡಿ ಅಳೆಯೋದು ಭಾರಿ ಕಷ್ಟ.

ಘಟ್ಟದ_ಕೆಳಗಿನವ

ಮೂಲ ಡಿವಿಡಿ ಸರಿ ಉಂಟು, ಚೂರೂ ತಪ್ಪಿಲ್ಲ. ಎಂಪಿ4ನಲ್ಲಿ 10, 20 ನಿಮಿಷಕ್ಕೆ ಸೊನ್ನೆ. 30ಕ್ಕೆ ಹತ್ತು ಸಲ ಜೆ. 40ಕ್ಕೂ ಹತ್ತೇ. 50ಕ್ಕೆ ಹತ್ತೊಂಬತ್ತು. ಅಂದ್ರೆ ಹಾರೋದು ಅಂತ ಕಾಣ್ತದೆ. ಹಾರಿದ ಜಾಗ ಹುಡುಕಿದೆ, ಸುಮಾರು 24ನೇ ನಿಮಿಷ, ಆಮೇಲೆ 48ರ ಹತ್ರ. ಏನಿದು ಲೆಕ್ಕ?

ಚಹಾಪುಡಿ

ಸಿಕ್ಬಿತ್ತು ಕಳ್ಳ. ಡಿವಿಡಿಯಲ್ಲಿ ಸಿನಿಮಾ ಎಷ್ಟೇ ಉದ್ದ ಇರ್ಲಿ, ವಿಒಬಿ ಫೈಲ್‌ನ 1 ಜಿಬಿಗೆ ಕತ್ತರಿಸಿ ಕತ್ತರಿಸಿ ಇಟ್ಟಿರ್ತಾರೆ. ನಿಮ್ಮದು ಸೆಕೆಂಡಿಗೆ 6 ಮೆಗಾಬಿಟ್ ಆಸುಪಾಸು ರೆಕಾರ್ಡ್ ಆಗಿರ್ಬೇಕು, ಆ ಲೆಕ್ಕದಲ್ಲಿ 1 ಜಿಬಿ ಅಂದ್ರೆ ಹತ್ರ ಹತ್ರ 24 ನಿಮಿಷ. ನೀವು ಹೇಳಿದ ಜಾಗಗಳೆಲ್ಲ ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗೋ ಜಾಗ.

ಆ ಕತ್ತರಿ ಆಟದ ಮಧ್ಯೆ ಎಲ್ಲಿ ಬೇಕಾದ್ರೂ ಬಿದ್ದಿರತ್ತೆ, ಪ್ಲೇಯರ್ ಎಲ್ಲ ಸೇರಿಸಿ ಒಂದೇ ಅಂತ ಓದೋದ್ರಿಂದ ಡಿವಿಡಿಯಲ್ಲಿ ಅದು ಗೊತ್ತೇ ಆಗಲ್ಲ. ಡಿವಿಡಿಯ ಎಂಪೆಗ್2 ವಿಡಿಯೋದಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರ ಅಲ್ಲ, 12-15 ಫ್ರೇಮಿಗೊಂದು ಪೂರ್ತಿ ಚಿತ್ರ ಇರತ್ತೆ, ಮಿಕ್ಕಿದ್ದೆಲ್ಲ ಅಕ್ಕಪಕ್ಕದ ಫ್ರೇಮಿಂದ ಏನು ಬದಲಾಯ್ತು ಅಂತ ಮಾತ್ರ ಹೇಳತ್ತೆ. ನೀವು ಎರಡನೇ ತುಂಡನ್ನ ಒಂಟಿಯಾಗಿ ಕನ್ವರ್ಟ್ ಮಾಡಿದಾಗ ಅದು ಶುರುವಾಗಿದ್ದೇ ಅರ್ಧದಲ್ಲಿ, ಮುಂದಿನ ಪೂರ್ತಿ ಚಿತ್ರ ಬರೋ ತನಕ ಬಿಡಿಸೋಕೆ ಆಗ್ದೆ ಸಾಫ್ಟ್‌ವೇರ್ ಆ ಫ್ರೇಮ್‌ಗಳನ್ನ ಬಿಸಾಕಿತು. ಸೆಕೆಂಡಿಗೆ 25 ಫ್ರೇಮ್ ಅಂದ್ಕೊಂಡ್ರೆ ಅರ್ಧ ಸೆಕೆಂಡಿನ ಚಿತ್ರ ಹೋಯ್ತು. ಆಡಿಯೋಗೆ ಆ ತೊಂದ್ರೆ ಇಲ್ಲ, ಅದು ಪೂರ್ತಿ ಬಂತು. ಆಮೇಲೆ ಜಾಯ್ನರ್ ಚಿತ್ರಕ್ಕೆ ಚಿತ್ರ ಅಂಟಿಸ್ತು, ಸದ್ದಿಗೆ ಸದ್ದು ಅಂಟಿಸ್ತು. ಒಂದೊಂದು ಬೆಸುಗೆಗೂ ಅರ್ಧ ಸೆಕೆಂಡ್. ಡಿಸ್ಕ್ ತುಂಬಿದ್ರೆ ಐದು ತುಂಡು, ನಾಲ್ಕು ಬೆಸುಗೆ, ಎರಡು ಸೆಕೆಂಡ್. ನೀವು ಹೇಳಿದ ಲೆಕ್ಕಕ್ಕೆ ಸರಿಯಾಗಿ ಕೂರತ್ತೆ.

ಹಾಗಾಗಿ ಈಗ ಇರೋ ಎಂಪಿ4ಗಳನ್ನ ರಿಪೇರಿ ಮಾಡೋಕೆ ಹೋಗ್ಬೇಡಿ, ತೆಗೆದು ಪಕ್ಕಕ್ಕಿಡಿ, ಡಿಸ್ಕಿಂದ ಶುರು ಮಾಡಿ. ಡಿಸ್ಕ್ ಒಳಗಿನ ವಿಡಿಯೋ_ಟಿಎಸ್ ಫೋಲ್ಡರನ್ನ ಇದ್ದ ಹಾಗೇ, ಐಎಫ್‌ಒ ಫೈಲ್ (ಯಾವ ತುಂಡಾದ್ಮೇಲೆ ಯಾವುದು ಅಂತ ಹೇಳೋದು) ಸಮೇತ, ಲ್ಯಾಪ್‌ಟಾಪ್‌ಗೆ ತಗೊಳ್ಳಿ. ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟರ್ ಹಾಕ್ಕೊಳ್ಳಿ, ಫ್ರೀ ಇದೆ. ಅದ್ರಲ್ಲಿ ವಿಒಬಿ ಫೈಲ್ ಓಪನ್ ಮಾಡ್ಬೇಡಿ, ಫೋಲ್ಡರನ್ನೇ ಓಪನ್ ಮಾಡಿ. ಆಗ ಪೂರ್ತಿ ಆಟ ಒಂದೇ ಟೈಟಲ್ ಆಗಿ ಕಾಣತ್ತೆ, 1 ಗಂಟೆ 40 ನಿಮಿಷ ಹೀಗೆ. ಬೆಸುಗೆನೇ ಇಲ್ಲ ಅಂದ್ಮೇಲೆ ತಪ್ಪೋದೆಲ್ಲಿಂದ?

ಮಳೆಹುಳ

ಸಿಂಕ್ (ಚಿತ್ರಕ್ಕೆ ಸದ್ದು ಹೊಂದೋ) ವಿಷಯ ಚಹಾಪುಡಿಯವರು ಅರೆದು ಕುಡಿಸಿದಾರೆ, ನಾನು ಧಿಗಿಣದ ಗೆರೆ ಬಗ್ಗೆ ಹೇಳ್ತೀನಿ, ಅದ್ರಲ್ಲೇ ನನ್ನ ಕೂದಲು ಉದುರಿದ್ದು.

ನಮ್ಮಲ್ಲಿ ಆಗ ಇದ್ದಿದ್ದು ಪಾಲ್ ಅನ್ನೋ ಟಿವಿ ಪದ್ಧತಿ, ಅದ್ರಲ್ಲಿ ಸೆಕೆಂಡಿಗೆ 25 ಫ್ರೇಮ್ ಅಂತಾರೆ ಆದ್ರೆ ನಿಜವಾಗಿ ಕ್ಯಾಮೆರಾ ಹಿಡಿಯೋದು 50 ಅರ್ಧ ಚಿತ್ರ, ಒಂದ್ಸಲ ಸಮ ಸಂಖ್ಯೆಯ ಗೆರೆಗಳು, ಇನ್ನೊಂದ್ಸಲ ಬೆಸ ಸಂಖ್ಯೆಯವು. ಎರಡಕ್ಕೂ ಮಧ್ಯೆ ಸೆಕೆಂಡಿನ ಐವತ್ತನೇ ಒಂದು ಭಾಗ ಅಂತರ. ಭಾಗವತರು ಕೂತಲ್ಲೇ ಕೂತಿರ್ತಾರೆ, ಅವರ ಮೇಲೆ ಗೆರೆ ಬರಲ್ಲ, ನೋಡಿ ಬೇಕಿದ್ರೆ. ಧಿಗಿಣ ತಿರುಗೋ ಕಾಲು ಅಷ್ಟರಲ್ಲೇ ಒಂದು ಗೇಣು ಮುಂದೆ ಹೋಗಿರತ್ತೆ, ಎರಡನ್ನೂ ಒಂದೇ ಚಿತ್ರ ಅಂತ ಹೆಣೆದ್ರೆ ಬಾಚಣಿಗೆ ಬರ್ದೆ ಇನ್ನೇನು ಬರತ್ತೆ.

ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್‌ನಲ್ಲಿ ಡಿಇಂಟರ್‌ಲೇಸ್ ಅಂತಿದೆ, ಅಲ್ಲಿ ಯಾಡಿಫ್ ಇಲ್ಲ ಬಿಡಬ್ಲ್ಯುಡಿಐಎಫ್ ಆರಿಸಿ, ಪ್ರೀಸೆಟ್‌ನಲ್ಲಿ ಬಾಬ್ ಅಂತ ಇಡಿ. ಡೀಫಾಲ್ಟ್ ಇಟ್ರೆ ಎರಡು ಅರ್ಧ ಸೇರಿ ಒಂದು ಫ್ರೇಮ್ ಆಗಿ 25 ಉಳಿಯತ್ತೆ, ಗೆರೆ ಹೋಗತ್ತೆ ಆದ್ರೆ ಕುಣಿತ ತಡವರಿಸಿದ ಹಾಗೆ ಕಾಣತ್ತೆ. ಬಾಬ್ ಇಟ್ರೆ ಒಂದೊಂದು ಅರ್ಧಾನೂ ಒಂದು ಫ್ರೇಮ್ ಆಗಿ 50 ಬರತ್ತೆ. ಹಾಗೇ ವಿಡಿಯೋ ಟ್ಯಾಬಲ್ಲಿ ಫ್ರೇಮ್‌ರೇಟ್ 50, ಕಾನ್‌ಸ್ಟಂಟ್ ಅಂತ ಇಡೋದು ಮರೀಬೇಡಿ, ಅಲ್ಲಿ 30 ಇದ್ರೆ ಮಾಡಿದ್ದೆಲ್ಲ ಹೊಳೆಗೆ ಹುಣಸೆಹಣ್ಣು. ಮಂಡಿ ಹಾಕೋ ಜಾಗ ಒಂದು ನಿಮಿಷ ಮಾತ್ರ ಕನ್ವರ್ಟ್ ಮಾಡಿ ನೋಡಿ, ಪೂರ್ತಿ ಬಿಟ್ಟು ರಾತ್ರಿಯೆಲ್ಲ ಕಾಯ್ಬೇಡಿ. ಬಾಬ್ ಇಟ್ಟ ಮೇಲೂ ಕಾಲು ಮುಂದೆ ಹಿಂದೆ ನಡುಗಿದ್ರೆ ಸಮ-ಬೆಸ ಕ್ರಮ ತಿರುಗಾಮುರುಗಾ ಆಗಿದೆ ಅಂತ ಅರ್ಥ, ಆಗ ಇಲ್ಲಿ ಬಂದು ಹೇಳಿ.

ಇನ್ನು ಆ 1080. ಡಿವಿಡಿಯಲ್ಲಿರೋದು 720 ಅಡ್ಡ 576 ಚುಕ್ಕೆ, ಇಲ್ಲದ ಕ್ಲಾರಿಟಿ ಎಲ್ಲಿಂದ ತರೋದು. ಅದ್ರ ಚುಕ್ಕೆ ಚೌಕ ಕೂಡ ಅಲ್ಲ, 4:3ಕ್ಕೆ ಬಿಡಿಸಿದ್ರೆ 768 ಅಡ್ಡ 576 ಆಗ್ಬೇಕು. ನಿಮ್ಮ ಕನ್ವರ್ಟರ್ ಅದನ್ನ ಹಿಡಿದು 16:9ಕ್ಕೆ ಎಳೆದಿದೆ, ಅದಕ್ಕೇ ಕೌರವ ದಪ್ಪ ಆಗಿದಾನೆ. ಡೈಮೆನ್ಶನ್ಸ್‌ನಲ್ಲಿ ಅನಮಾರ್ಫಿಕ್ ಆಟೋಮ್ಯಾಟಿಕ್ ಅಂತ ಬಿಡಿ, ಅಗಲ ಎತ್ತರ ಮುಟ್ಟಬೇಡಿ. ಚಿತ್ರದ ಕೆಳಗಡೆ ಅಂಚಲ್ಲಿ ಹರಿದ ಹಾಗೆ ಒಂದು ಪಟ್ಟಿ ಓಡ್ತಿರತ್ತೆ, ವಿಎಚ್‌ಎಸ್ ಟೇಪುಗಳಿಗೆಲ್ಲ ಇರೋದೇ, ಕ್ರಾಪ್‌ನಲ್ಲಿ ಕೆಳಗಿಂದ 10-12 ಗೆರೆ ಕತ್ತರಿಸಿ, ಸಮಸಂಖ್ಯೆ ಇರ್ಲಿ.

ಟೇಪ್_ತಿಮ್ಮ

ಜೊತೆಗೆ ಡಿನಾಯ್ಸ್ ಹಾಕಿ, ಎನ್‌ಎಲ್‌ಮೀನ್ಸ್ ಮೀಡಿಯಂ. ವಿಎಚ್‌ಎಸ್‌ನ ಆ ಮಿಣಮಿಣ ಹೋಗತ್ತೆ, ಫೈಲೂ ಅರ್ಧಕ್ಕಿಳಿಯತ್ತೆ.

ಮಳೆಹುಳ

ತಿಮ್ಮಣ್ಣ, ಬೇರೆ ವಿಡಿಯೋ ಆಗಿದ್ರೆ ಹೂಂ ಅಂತಿದ್ದೆ. ವೇಷದ ಮುಖವರ್ಣಿಕೆಯಲ್ಲಿ ಕಣ್ಣಿನ ಸುತ್ತ ಎಳೆದಿರೋ ಗೆರೆ, ಹಣೆಯ ನಾಮ ಇದೆಲ್ಲ ವಿಎಚ್‌ಎಸ್‌ನಲ್ಲಿ ಮೊದ್ಲೇ ಅರ್ಧಂಬರ್ಧ ಉಳಿದಿರತ್ತೆ, ಮೀಡಿಯಂ ಹಾಕಿದ್ರೆ ಆ ಮಿಣಮಿಣದ ಜೊತೆ ಅದೂ ಹೋಗಿ ಮುಖ ಮೇಣದ ಬೊಂಬೆ. ನಾನು ನಮ್ಮನೆ ಮದುವೆ ಟೇಪಿಗೆ ಹಾಕಿ ಅತ್ತೆ ಮೂಗುತಿನೇ ಮಾಯ ಮಾಡಿದೀನಿ. ಬೇಕೇಬೇಕಂದ್ರೆ ಅಲ್ಟ್ರಾಲೈಟ್, ಅದೂ ಟಿವಿ ಕಾಪಿಗೆ ಮಾತ್ರ.

ಟೇಪ್_ತಿಮ್ಮ

ಮೂಗುತಿ ಮಾತಿಗೆ ಶರಣು. ಅಲ್ಟ್ರಾಲೈಟ್‌ಗೆ ಒಪ್ದೆ.

ಚಹಾಪುಡಿ

ಟಿವಿ ವಿಷಯ ಬಿಟ್ಟೇಹೋಯ್ತು. ಘಟ್ಟದವರೇ, ಕನ್ವರ್ಟರಲ್ಲಿ ಎಚ್265 ಅಥವಾ ಎಚ್‌ಇವಿಸಿ (ವಿಡಿಯೋ ಕುಗ್ಗಿಸೋ ಒಂದು ವಿಧಾನ) ಅಂತ ಏನಾದ್ರೂ ಇತ್ತಾ? ಟಿವಿ ಯಾವ ಕಾಲದ್ದು?

ಘಟ್ಟದ_ಕೆಳಗಿನವ

ಹೌದು, ಸೈಜ್ ಕಮ್ಮಿ ಬರ್ತದೆ ಅಂತ ಬರ್ದಿದ್ದಕ್ಕೆ ಅದನ್ನೇ ಒತ್ತಿದ್ದು. ಟಿವಿ 2012ರದ್ದು, ಅಣ್ಣನ ಮದುವೆಗೆ ಬಂದದ್ದು.

ಚಹಾಪುಡಿ

ಅದೇ ಮತ್ತೆ. ಎಚ್265 ಸ್ಟ್ಯಾಂಡರ್ಡ್ ಹೊರಬಂದಿದ್ದೇ 2013ರಲ್ಲಿ, 2012ರ ಟಿವಿಗೆ ಅದು ಎಲ್ಲಿಂದ ಗೊತ್ತಿರ್ಬೇಕು. ಎಂಪಿ4 ಅನ್ನೋದು ಬರೀ ಡಬ್ಬಿ, ಒಳಗೆ ಉಪ್ಪಿದ್ಯಾ ಸಕ್ಕರೆ ಇದ್ಯಾ ಅಂತ ಮುಚ್ಚಳ ನೋಡಿ ಗೊತ್ತಾಗಲ್ಲ. ಎಚ್264 ಆರಿಸಿ, ಹ್ಯಾಂಡ್‌ಬ್ರೇಕ್‌ನಲ್ಲಿ ಎಕ್ಸ್264 ಅಂತಿರತ್ತೆ, ಆಡಿಯೋ ಎಎಸಿ 160. ಕ್ವಾಲಿಟಿ ಆರ್‌ಎಫ್ 18 ಇಡಿ, ಈ ನಂಬರ್ ಕಮ್ಮಿ ಆದಷ್ಟೂ ಚಿತ್ರ ಚೆನ್ನಾಗಿ ಫೈಲ್ ದಪ್ಪ, ಉಲ್ಟಾ ತಿಳ್ಕೊಂಡು 40 ಇಡೋರು ಬೇಕಾದಷ್ಟು ಜನ ಇದಾರೆ. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬೇಡ, ಬೇಗ ಮುಗಿಸತ್ತೆ ನಿಜ, ಅದೇ ಸೈಜಿಗೆ ಚಿತ್ರ ಸ್ವಲ್ಪ ಸಪ್ಪೆ. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ರೆ 4 ಜಿಬಿ ಮೀರಿದ ಫೈಲ್ ಕೂರಲ್ಲ, ಹಳೇ ಟಿವಿಗಳು ಎಷ್ಟೋ ಸಲ ಅದನ್ನ ಬಿಟ್ಟು ಬೇರೆ ಫಾರ್ಮ್ಯಾಟ್ ಓದಲ್ಲ, ಹಾಗಾಗಿ ಮೂರು ಡಿಸ್ಕಿಗೆ ಮೂರು ಫೈಲ್ ಹಾಗೇ ಇರ್ಲಿ, ಒಂದು ಮಾಡೋ ಆಸೆ ಬಿಡಿ.

ಘಟ್ಟದ_ಕೆಳಗಿನವ

ಮೊದಲ ಎರಡು ಡಿಸ್ಕ್ ಆಯ್ತು, ಅದ್ಭುತ ಬಂದಿದೆ. ಮೂರನೇದು ಕಾಪಿ ಮಾಡುವಾಗ ಮಧ್ಯೆ ಸಿಕ್ಕಿಹಾಕ್ಕೊಂಡು ಡ್ರೈವ್ ಗರಗರ ಅನ್ನೋಕೆ ಶುರು. ಇನ್ನೊಂದು, ದೊಡ್ಡಪ್ಪನಿಗೆ ಈಗ ಕಿವಿ ಸ್ವಲ್ಪ ಮಂದ, ಪದ್ಯಗಳನ್ನ ಕೆಳಗೆ ಸಬ್‌ಟೈಟಲ್ ಹಾಕೋಣ ಅಂತ ಅಕ್ಕ ಕೂತು ಟೈಪ್ ಮಾಡಿಕೊಟ್ಟಿದ್ದಾಳೆ. ಹಾಕಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಬರ್ತದೆ, ಕನ್ನಡವೇ ಇಲ್ಲ.

ಒತ್ತಕ್ಷರ

ಅಕ್ಕ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ರಾ? ಹಳೇ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಫೈಲ್ ಒಳಗಡೆ ಇಂಗ್ಲಿಷ್ ಅಕ್ಷರಗಳೇ, ಆ ಫಾಂಟ್ ತೆಗೆದ್ರೆ ಬಂಡವಾಳ ಬಯಲು. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸೋ ಕನ್ವರ್ಟರ್‌ಗಳಿವೆ, ಅದ್ರಲ್ಲಿ ಹಾಕಿ ತೆಗೀರಿ, ಅರ್ಕಾವತ್ತು ಇರೋ ಪದಗಳನ್ನ ಒಂದ್ಸಲ ಕಣ್ಣಲ್ಲಿ ನೋಡಿ, ಅಲ್ಲೇ ಎಡವೋದು. ಆಮೇಲೆ ನೋಟ್‌ಪ್ಯಾಡಲ್ಲಿ ಸೇವ್ ಆ್ಯಸ್ ಕೊಟ್ಟು ಎನ್‌ಕೋಡಿಂಗ್ ಯುಟಿಎಫ್-8 ಇಡಿ.

ಇಷ್ಟಾದ್ರೂ ಆ ಟಿವಿ ಮೇಲೆ ಭರವಸೆ ಇಡ್ಬೇಡಿ. ಕನ್ನಡ ಫಾಂಟೇ ಇಲ್ದಿದ್ರೆ ಡಬ್ಬಿ ಡಬ್ಬಿ, ಇದ್ರೂ ಒತ್ತು ಕೂರಿಸೋಕೆ ಬರ್ದಿದ್ರೆ ಕೃಷ್ಣ ಹೋಗಿ ಕೃಷ್‌ಣ. ಹ್ಯಾಂಡ್‌ಬ್ರೇಕ್‌ನಲ್ಲೇ ಎಸ್‌ಆರ್‌ಟಿ (ಸಬ್‌ಟೈಟಲ್ ಫೈಲ್) ಇಂಪೋರ್ಟ್ ಮಾಡಿ ಬರ್ನ್ ಇನ್ ಒತ್ತಿ, ಅಕ್ಷರ ಚಿತ್ರದ ಮೇಲೇ ಅಚ್ಚಾಗಿಬಿಡತ್ತೆ, ಟಿವಿಗೆ ಓದೋ ಕೆಲ್ಸವೇ ಇಲ್ಲ. ಆದ್ರೆ ಅಚ್ಚು ಹಾಕಿದ್ಮೇಲೆ ಅಳಿಸೋಕಾಗಲ್ಲ, ಸಬ್‌ಟೈಟಲ್ ಇಲ್ಲದ ಕಾಪಿನೂ ಒಂದು ಇಟ್ಕೊಳ್ಳಿ.

ಚಹಾಪುಡಿ

ಮೂರನೇ ಡಿಸ್ಕನ್ನ ಮೆತ್ತನೆ ಬಟ್ಟೆಯಲ್ಲಿ ನಡುವಿಂದ ಅಂಚಿಗೆ ನೇರ ಒರೆಸಿ, ಸುತ್ತ ಒರೆಸ್ಬೇಡಿ. ಆಮೇಲೆ ಬೇರೆ ಡ್ರೈವ್‌ನಲ್ಲಿ ನೋಡಿ, ಒಂದು ಓದದ್ದನ್ನ ಇನ್ನೊಂದು ಓದೋದು ನಾನೇ ಎಷ್ಟೋ ಸಲ ನೋಡಿದೀನಿ. ಆಗ್ಲಿಲ್ಲ ಅಂದ್ರೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತಿದೆ, ಅದು ಕೆಟ್ಟ ಜಾಗದಲ್ಲಿ ಜಗಳಕ್ಕೆ ನಿಲ್ಲಲ್ಲ, ಓದಕ್ಕಾಗೋದನ್ನೆಲ್ಲ ಮೊದ್ಲು ಬಾಚ್ಕೊಂಡು ಆಮೇಲೆ ಬಿಟ್ಟಿದ್ದಕ್ಕೆ ವಾಪಸ್ ಬರತ್ತೆ. ಮೂರೂ ಡಿಸ್ಕಿನ ಐಎಸ್‌ಒ (ಇಡೀ ಡಿಸ್ಕಿನ ಪಡಿಯಚ್ಚು) ಹಾರ್ಡ್‌ಡಿಸ್ಕಲ್ಲಿ ಇಟ್ಕೊಳ್ಳಿ, ಎಂಪಿ4 ಬೇಕಾದಾಗ ಮತ್ತೆ ಮಾಡ್ಬೋದು.

ಘಟ್ಟದ_ಕೆಳಗಿನವ

ಬಂತು! ಭಾವನ ಹಳೇ ಕಂಪ್ಯೂಟರಿನ ಡ್ರೈವ್ ಓದ್ತು, ರೆಸ್ಕ್ಯೂ ಬೇಕಾಗ್ಲೇ ಇಲ್ಲ. ಮೂರನೇದು 1 ಗಂಟೆ 42 ನಿಮಿಷ, 2.9 ಜಿಬಿ. 24ನೇ ನಿಮಿಷ, 48ನೇ ನಿಮಿಷ ಎರಡೂ ಕಡೆ ನಿಲ್ಲಿಸಿ ನಿಲ್ಲಿಸಿ ನೋಡ್ದೆ, ಕೋಲು ಬಿದ್ದಲ್ಲೇ ಸದ್ದು. ನಿನ್ನೆ ರಾತ್ರಿ ಟಿವಿಗೆ ಹಾಕಿ ಪರೀಕ್ಷೆ ಮಾಡ್ತಾ ಇದ್ದೆ, ದೊಡ್ಡಪ್ಪ ಕೋಣೆಯಿಂದ ಎದ್ದು ಬಂದ್ಬಿಟ್ರು, ಸರ್ಪ್ರೈಸ್ ಎಲ್ಲ ಹಾಳು. ಸ್ವಲ್ಪ ಹೊತ್ತು ನೋಡಿ, ಮೂರನೇ ಧಿಗಿಣದಲ್ಲಿ ಕಾಲು ತಪ್ಪಿದ್ದು ಈಗ ಸರೀ ಕಾಣ್ತದೆ, ಮೊದಲಿನ ಗೆರೆಯೇ ಇರ್ಲಿ ಅಂದ್ರು.