ಮರದ ಅಟ್ಟಣೆಗೆ ಯಾವ ಕ್ಯಾರಬೈನರ್ ನಂಬಬಹುದು?

ಪ್ರಶ್ನೆ:
ಈ ಬೇಟೆ ಸೀಸನ್‌ಗೆ ಮರದಲ್ಲಿ ಸುಮಾರು 5 ಮೀಟರ್ ಎತ್ತರದಲ್ಲಿ ಅಟ್ಟಣೆ ಕಟ್ಟಿದ್ದೇನೆ. ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಬೆಲ್ಟಿನ ಪಟ್ಟಿಯನ್ನು ಮರಕ್ಕೆ ಕಟ್ಟಿದ ಹಗ್ಗಕ್ಕೆ ಸೇರಿಸಲು ಒಂದು ಕ್ಯಾರಬೈನರ್ (ತೆರೆದು ಮುಚ್ಚುವ ಬಾಗಿಲಿರುವ ಲೋಹದ ಕೊಂಡಿ) ಇದೆ. ಲಾಕ್ ಇಲ್ಲ, ಮೈಮೇಲೆ ಯಾವ ಅಂಕಿಯೂ ಇಲ್ಲ. ಕೈಯಿಂದ ಎಳೆದರೆ ಗಟ್ಟಿಯಾಗಿದೆ. ಸಾಕಲ್ವಾ?

ಉತ್ತರ 1:
ಸಾಲದು, ದಯವಿಟ್ಟು ಅದನ್ನು ಬಳಸಬೇಡಿ. ಅಂಕಿ ಇಲ್ಲದ್ದು ಕೀ ನೇತುಹಾಕಲು ಮಾತ್ರ. ಹತ್ತುವುದಕ್ಕೆ ಮಾಡಿದ್ದರ ಮೈಮೇಲೆ ಕಿಲೋನ್ಯೂಟನ್ (ಎಷ್ಟು ಬಲ ತಡೆಯುತ್ತದೆ ಎಂಬ ಅಳತೆ) ಲೆಕ್ಕ ಕೊರೆದಿರುತ್ತದೆ. 22 ಅಂತಿದ್ದರೆ ಹೆಚ್ಚುಕಡಿಮೆ 2,200 ಕಿಲೋ ಭಾರ, ಆದರೆ ಅದು ಉದ್ದಕ್ಕೆ ಎಳೆದಾಗ ಮಾತ್ರ. ಅಡ್ಡಕ್ಕೆ ತಿರುಗಿದರೆ ಅಥವಾ ಬಾಗಿಲು ತೆರೆದಿದ್ದರೆ ಅದೇ ಕ್ಯಾರಬೈನರ್ 7 ಅಥವಾ 8ಕ್ಕೆ ಇಳಿಯಬಹುದು, ಅದಕ್ಕೇ ಲಾಕ್ ಬೇಕೇ ಬೇಕು ಅನ್ನೋದು.

ಉತ್ತರ 2:
ನನ್ನ ಮತ ಆಟೋ ಲಾಕ್‌ಗೆ, ಬಾಗಿಲು ಮುಚ್ಚಿದರೆ ಅದು ತಾನೇ ಬೀಳುತ್ತದೆ. ತಿರುಪಿನ ಲಾಕ್ ಕೂಡ ಗಟ್ಟಿ, ಆದರೆ ಬೆಳಗಿನ ಕತ್ತಲಲ್ಲಿ, ಚಳಿಗೆ ಗ್ಲೌಸ್ ಹಾಕಿಕೊಂಡಿರುವಾಗ ತಿರುಗಿಸೋದು ಮರೆತುಹೋಗುತ್ತದೆ. ನನಗೇ ಒಮ್ಮೆ ಹಾಗಾಗಿ, ಮೇಲೆ ಕೂತ ಮೇಲೆ ನೋಡಿ ಎದೆ ಧಸಕ್ಕೆಂದಿತ್ತು. ಅಲ್ಯೂಮಿನಿಯಂ ಹಗುರ, ಉಕ್ಕು ಸವೆಯೋದು ಕಡಿಮೆ. ಬೆಲ್ಟಿನ ಜೊತೆ ಕಂಪನಿಯವರೇ ಕೊಟ್ಟದ್ದಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಹಳೆಯದನ್ನು ತೆಗೆದಿಟ್ಟೆ. ಶಬ್ದದ್ದೇ ಚಿಂತೆ, ಕ್ಯಾರಬೈನರ್ ಅಟ್ಟಣೆಯ ಕಂಬಿಗೆ ತಾಗಿದರೆ ಜಿಂಕೆ ಓಡಿಹೋಗುತ್ತದೆ.

ಉತ್ತರ 1:
ಶಬ್ದ ಬಾರದಂತೆ ಟೇಪನ್ನು ಅಟ್ಟಣೆಯ ಕಂಬಿಗೆ ಸುತ್ತಿ, ಕ್ಯಾರಬೈನರ್‌ಗೆ ಸುತ್ತಬೇಡಿ. ಸುತ್ತಿದರೆ ಬಿರುಕು ಕಾಣಲ್ಲ, ಬಾಗಿಲೂ ಸಿಕ್ಕಿಕೊಳ್ಳಬಹುದು. ಇನ್ನೊಂದು ವಿಷಯ, ನೆಲದಲ್ಲೇ ಕ್ಯಾರಬೈನರನ್ನು ಹಗ್ಗಕ್ಕೆ ಸಿಕ್ಕಿಸಿಕೊಂಡು ಹತ್ತಿ. ಕೂತಾಗ ಪಟ್ಟಿ ಜೋತಾಡಬಾರದು.