ಸಹಾಯ ಬೇಕು: ಮೂರನೇ ಸಿಲಿಂಡರಿನ ವಾಲ್ವ್ ಗ್ಯಾಪ್ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನದು 1969ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ಗಾಳಿಯಿಂದ ತಣ್ಣಗಾಗುವ 1500 ಸಿಸಿ, ಸಿಂಗಲ್ ಪೋರ್ಟ್ ಎಂಜಿನ್. ಒಂದು ತಲೆನೋವು ಬಿಡುತ್ತಿಲ್ಲ.

ಎಂಜಿನ್ ಪೂರ್ತಿ ತಣ್ಣಗಿದ್ದಾಗ ಎಲ್ಲಾ ವಾಲ್ವ್‌ಗಳಿಗೂ 0.15 ಮಿ.ಮೀ. ಗ್ಯಾಪ್ (ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) ಇಡುತ್ತೇನೆ. ಐನೂರು ಕಿ.ಮೀ. ಓಡಿಸಿ ನೋಡಿದರೆ ಏಳು ವಾಲ್ವ್ ಸರಿಯಾಗೇ ಇರುತ್ತವೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್‌ನಲ್ಲಿ ಮಾತ್ರ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರುವುದೇ ಇಲ್ಲ. ಮೂರು ಸಲ ಇದೇ ಕಥೆ.

ಈ ಕಾಲದ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್, ತಂಪು ಗಾಳಿ ಊದುವ ಫ್ಯಾನಿನ ಹೌಸಿಂಗ್ (ಕವಚ) ಒಳಗೇ ನಿಂತಿರುತ್ತದೆ. ಅದನ್ನು ದಾಟಿ ಬಿಸಿಯಾದ ಗಾಳಿಯೇ ಮೂರನೇ ಸಿಲಿಂಡರಿಗೆ ಸಿಗುವುದು. ಹಾಗಾಗಿ ಅದು ಜಾಸ್ತಿ ಬಿಸಿಯಾಗುವುದು ಹೊಸ ವಿಷಯವೇನಲ್ಲ. ಆದರೆ ಇಷ್ಟು ಬೇಗ ಗ್ಯಾಪ್ ಮುಚ್ಚಿಕೊಳ್ಳುತ್ತದೆ ಅಂದರೆ ವಾಲ್ವ್ ಉದ್ದ ಆಗುತ್ತಿದೆ, ಇಲ್ಲವೇ ವಾಲ್ವ್ ಕೂರುವ ಸೀಟ್ ಹೆಡ್ ಒಳಕ್ಕೆ ಇಳಿಯುತ್ತಿದೆ, ಅಲ್ವಾ? ವಾಲ್ವ್‌ನ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಎಂಜಿನ್ ಕಥೆ ಮುಗಿಯಿತು. ಅದಕ್ಕೇ ಓಡಿಸುವುದನ್ನು ನಿಲ್ಲಿಸಿದ್ದೇನೆ.

ಇನ್ನೊಂದು ವಿಷಯ. ಹಿಂದಿನ ಮಾಲೀಕರು ತಂಪು ಗಾಳಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್, ಫ್ಲಾಪ್ ಎರಡನ್ನೂ ಕಿತ್ತುಹಾಕಿದ್ದಾರೆ. ಎಂಜಿನ್ ಸುತ್ತಲಿನ ರಬ್ಬರ್ ಸೀಲ್ ಅಲ್ಲಲ್ಲಿ ಹರಿದಿದೆ, ಕೆಳಗಿನ ಬಿಸಿಗಾಳಿ ಮೇಲೆ ಬರುತ್ತಿರಬಹುದು. ಫ್ಯಾನ್ ಬೆಲ್ಟ್ ಸರಿಯಾಗಿದೆ, ಟೈಮಿಂಗ್ ಕೂಡ ನೋಡಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಎಂಜಿನ್ ಇಳಿಸಿ ಆ ಬದಿಯ ಹೆಡ್ ಬಿಚ್ಚಲೇಬೇಕಾ, ಅಥವಾ ಮೊದಲು ಕಂಪ್ರೆಷನ್, ಲೀಕ್‌ಡೌನ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಅಂತ ನೋಡುವ) ಪರೀಕ್ಷೆಯಲ್ಲಿ ಏನಾದರೂ ಗೊತ್ತಾಗುತ್ತಾ? ಬಿಚ್ಚುವುದಾದರೆ 1971ರಲ್ಲಿ ಬಂದ, ಕೂಲರ್ ಹೊರಗಿರುವ ಡಾಗ್‌ಹೌಸ್ ಹೌಸಿಂಗ್ ಹಾಕಿಬಿಡೋಣ ಅನ್ನಿಸುತ್ತಿದೆ. ಮೂಲ ರೂಪ ಕೆಡುತ್ತದೆ ಅಂತ ಬೈಯುವವರು ಬೈಯಿರಿ, ಪರವಾಗಿಲ್ಲ. ಅದನ್ನು ಹಾಕಿಸಿದವರು ಯಾವ ಟಿನ್‌ಗಳನ್ನು (ಎಂಜಿನ್ ಸುತ್ತ ಗಾಳಿ ಸಾಗಿಸುವ ತಗಡಿನ ಹೊದಿಕೆಗಳು) ಬದಲಿಸಬೇಕಾಯಿತು ಅಂತ ಹೇಳಿದರೆ ಉಪಕಾರ ಆಗುತ್ತದೆ.