ರಬ್ಬರ್ ಬುಷ್ 'ಸವೆಯುತ್ತದೆಯೇ'?

ಗೆಳೆಯರೇ,

ಹಳೆಯ ಕಾರುಗಳ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈಗ ಮಾರಿಸ್ ಮೈನರ್ ಕಾರಿನ ಮುಂದಿನ ಸಸ್ಪೆನ್ಷನ್‌ಗೆ, ಅಂದರೆ ರಸ್ತೆಯ ಕುಲುಕಾಟವನ್ನು ತಾಳಿಕೊಳ್ಳುವ ಭಾಗಕ್ಕೆ ಬಂದಿದ್ದೇನೆ. ಅಲೆಕ್ ಇಸಿಗೋನಿಸ್ ರೂಪಿಸಿದ, 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಕಾರು ಅದು. ಕೇಳಬೇಕಾಗಿರುವುದು ಒಂದು ಕ್ರಿಯಾಪದದ ಬಗ್ಗೆ. 'ಬುಷ್ ಸವೆದಿದ್ದರೆ ಬದಲಿಸಿ' ಎಂದು ಬರೆಯಬಹುದೇ? (ಬುಷ್ ಅಂದರೆ ಪಿನ್ನು, ಶಾಫ್ಟುಗಳ ಸುತ್ತ ಕೂರಿಸುವ ಲೋಹದ ಅಥವಾ ರಬ್ಬರಿನ ಬಳೆ.)

'ಬುಷ್' ಎಂಬ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಗ್ಯಾರೇಜಿನಲ್ಲೂ ಅದೇ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಅದೇ. 'ಬುಷಿಂಗ್' ಅನ್ನೋದು ಅಮೆರಿಕದ ರೂಢಿ, ನಮಗೆ ಬಂದದ್ದು ಬ್ರಿಟಿಷರ 'ಬುಷ್'. ಇಂಗ್ಲಿಷಿನವರಿಗೂ ಅದು ಸ್ವಂತದ್ದಲ್ಲ, ಹಳೆಯ ಡಚ್ ಭಾಷೆಯ 'ಬುಸ್ಸೆ'ಯಿಂದ ಬಂದದ್ದು. ಡಬ್ಬಿ ಎಂದು ಅರ್ಥ. ಪೊದೆಗೂ ಅದಕ್ಕೂ ಸಂಬಂಧವಿಲ್ಲ. 'ಒಳಬಳೆ', 'ಅಂತರ್ವಲಯ' ಅಂತೆಲ್ಲ ಹೊಸದಾಗಿ ಕಟ್ಟಬಹುದು. ಆದರೆ ಅಂಗಡಿಗೆ ಹೋಗಿ ಅಂತರ್ವಲಯ ಕೊಡಿ ಅಂದರೆ ಬರಿಗೈಲಿ ವಾಪಸ್ ಬರಬೇಕಾಗುತ್ತೆ.

ತೊಡಕು ಇರುವುದು 'ಸವೆ'ಯಲ್ಲಿ. ಒಂದಕ್ಕೊಂದು ಉಜ್ಜಿ ಉಜ್ಜಿ ತೆಳ್ಳಗಾಗುವುದಕ್ಕೆ ನಾವು ಸವೆಯುವುದು ಅನ್ನುತ್ತೇವೆ. ಚಪ್ಪಲಿ ಸವೆಯುತ್ತದೆ, ದೇವಸ್ಥಾನದ ಮೆಟ್ಟಿಲು ಸವೆಯುತ್ತದೆ, ನಾಣ್ಯ ಸವಕಲಾಗುತ್ತದೆ. ಸ್ಟಾರ್ಟರ್ ಮೋಟಾರಿನ ಕಂಚಿನ ಬುಷ್‌ಗೆ ಈ ಮಾತು ಸರಿಯಾಗಿ ಒಪ್ಪುತ್ತದೆ. ಅದರೊಳಗೆ ಶಾಫ್ಟ್ ತಿರುಗುತ್ತದೆ, ಉಜ್ಜುತ್ತದೆ, ತೂತು ದೊಡ್ಡದಾಗುತ್ತದೆ.

ಸಸ್ಪೆನ್ಷನ್ನಿನ ರಬ್ಬರ್ ಬುಷ್ ಕೆಲಸ ಮಾಡುವ ರೀತಿಯೇ ಬೇರೆ. ಮೈನರ್‌ನ ಕೆಳಗಿನ ಆರ್ಮ್ (ಚಕ್ರವನ್ನು ಕಾರಿನ ಒಡಲಿಗೆ ಸೇರಿಸುವ ತೋಳು) ಒಳತುದಿಯಲ್ಲಿ ಒಂದು ಐಬೋಲ್ಟ್‌ಗೆ, ಅಂದರೆ ತಲೆಯಲ್ಲಿ ದುಂಡನೆಯ ಕಣ್ಣಿರುವ ಬೋಲ್ಟಿಗೆ, ಸೇರಿಕೊಂಡಿರುತ್ತದೆ. ಐಬೋಲ್ಟಿನ ಕಣ್ಣಿಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ರಬ್ಬರ್ ತುಂಡು ಕೂರಿಸಿ, ನಡುವೆ ಪಿನ್ ಹಾಯಿಸಿ ನಟ್ಟು ಬಿಗಿ ಮಾಡುತ್ತಾರೆ. ಬಿಗಿಯಾದ ಮೇಲೆ ರಬ್ಬರ್ ಪಿನ್ ಮೇಲೆ ಜಾರಬಾರದು. ಚಕ್ರ ಹಳ್ಳಕ್ಕಿಳಿದು ಮೇಲೆ ಬಂದಾಗ ರಬ್ಬರ್ ತಾನೇ ತಿರುಚಿಕೊಂಡು ಮತ್ತೆ ಮೊದಲಿನ ಹಾಗಾಗುತ್ತದೆ. ಉಜ್ಜಾಟವೇ ಇಲ್ಲ, ಇನ್ನು ಸವೆಯುವುದು ಎಲ್ಲಿಂದ ಬಂತು?

ಇದು ಸುಮ್ನೆ ಪದದ ಜಗಳ ಅಲ್ಲ. ಸವೆದಿದೆ ಅಂದ ಕೂಡಲೇ ನಮ್ಮ ಕೈ ಎಣ್ಣೆ ಡಬ್ಬಿಯ ಕಡೆ ಹೋಗುತ್ತದೆ. ರಬ್ಬರಿಗೆ ಇಂಜಿನ್ ಆಯಿಲ್ ಬಿಟ್ಟರೆ ಅದು ಉಬ್ಬಿ ಮೆತ್ತಗಾಗಿ ಇನ್ನೂ ಬೇಗ ಹಾಳು. ಕೂರಿಸುವಾಗ ಸೋಪಿನ ನೀರು ಸವರಿದರೆ ಸಾಕು. ಮತ್ತೊಂದು, ಕೊನೆಯ ಬಿಗಿ ಕೊಡಬೇಕಾದದ್ದು ಕಾರು ತನ್ನ ಚಕ್ರಗಳ ಮೇಲೆ ನಿಂತ ಮೇಲೆ. ಜಾಕ್ ಮೇಲೆ ಚಕ್ರ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಕಾರು ಕೆಳಗಿಳಿದ ಗಳಿಗೆಯಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ಷೂ ಬೇಗ ಹರಿಯುತ್ತದೆ. ಓದುಗರಿಗೆ 'ತಿರುಚು', 'ಹರಿ' ಎಂಬ ಮಾತುಗಳು ಮೊದಲೇ ಸಿಕ್ಕಿದ್ದರೆ ಈ ಎಚ್ಚರಿಕೆ ತಾನಾಗಿ ಅರ್ಥವಾಗುತ್ತದೆ ಅಲ್ವಾ?

ಗಮ್ಮತ್ತೆಂದರೆ, ಅದೇ ಜಾಗದಲ್ಲಿ 'ಸವೆ' ಕೂಡ ಬೇಕಾಗುತ್ತದೆ. ರಬ್ಬರ್ ಪೂರಾ ಹೋಗಿಬಿಟ್ಟರೆ ಪಿನ್ನು ನೇರವಾಗಿ ಐಬೋಲ್ಟಿಗೆ ತಾಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ದುಂಡಗಿದ್ದ ಕಣ್ಣು ಮೊಟ್ಟೆಯಾಕಾರಕ್ಕೆ ಬರುತ್ತದೆ. 'ರಬ್ಬರ್ ಹರಿದದ್ದರಿಂದ ಐಬೋಲ್ಟ್ ಸವೆದಿದೆ' ಎಂದು ಬರೆಯಬೇಕು. ಎರಡಕ್ಕೂ ಒಂದೇ ಕ್ರಿಯಾಪದ ಹಾಕಿದರೆ ಯಾವುದು ಮೊದಲು ಕೆಟ್ಟಿತು ಅನ್ನೋದೇ ಮುಚ್ಚಿಹೋಗುತ್ತದೆ. (ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಬುಷ್ ಬಂದ ಮೇಲೆ ಇನ್ನೊಂದು ಗೊಂದಲ. ಅವುಗಳಲ್ಲಿ ಹಲವು ಒಳಗಿನ ಕೊಳವೆಯ ಮೇಲೆ ತಿರುಗುತ್ತವೆ, ಸಿಲಿಕೋನ್ ಗ್ರೀಸ್ ಬೇಡುತ್ತವೆ, ಒಣಗಿದರೆ ಕಿರುಗುಟ್ಟುತ್ತವೆ. ಅವಕ್ಕೆ 'ಸವೆ' ನಡೆಯುತ್ತದೆ.)

ಹಾಗಾದರೆ ರಬ್ಬರಿಗೆ ಒಟ್ಟಾರೆಯಾಗಿ ಏನನ್ನೋಣ? ಮೆಕ್ಯಾನಿಕ್‌ಗಳು 'ಬುಷ್ ಹೋಗಿದೆ ಸಾರ್' ಅಂತಾರೆ. ಮಾತಿಗೆ ಚೆನ್ನ. ಆದರೆ ಕರೆಂಟೂ ಹೋಗುತ್ತದೆ, ಮಾನವೂ ಹೋಗುತ್ತದೆ. 'ಬಿರಿದಿದೆ', 'ಕಲ್ಲಾಗಿದೆ', 'ಉಬ್ಬಿದೆ' ಇವೆಲ್ಲ ಒಂದೊಂದು ಲಕ್ಷಣಕ್ಕೆ ಸರಿ, ಎಲ್ಲಕ್ಕೂ ಸೇರಿ ಒಂದು ಮಾತಾಗುವುದಿಲ್ಲ. 'ಜೀರ್ಣವಾದ ಬುಷ್' ಅಂದರೆ ಯಾರೋ ತಿಂದು ಅರಗಿಸಿಕೊಂಡ ಹಾಗಿದೆ. ನನ್ನ ಒಲವು 'ಲಡ್ಡಾದ' ಕಡೆಗೆ. ಮರ ಲಡ್ಡಾಗಿದೆ, ಹಗ್ಗ ಲಡ್ಡಾಗಿದೆ ಅನ್ನುತ್ತೇವೆ. ವಯಸ್ಸಾಗಿ, ಬಿಸಿಲು ಮಳೆ ಎಣ್ಣೆ ತಾಗಿ, ಒಳಗಿನ ಕಸುವು ಹೋಗಿದೆ ಎಂಬ ಅರ್ಥ ಅದರಲ್ಲಿದೆ. ಆದರೆ ಲಡ್ಡಾದದ್ದು ಕೈಯಲ್ಲಿ ಹಿಸುಕಿದರೆ ಪುಡಿಯಾಗಬೇಕು ಅನ್ನೋ ಭಾವವೂ ಇದೆ. ಕಲ್ಲಿನಂತೆ ಗಟ್ಟಿಯಾದ ರಬ್ಬರಿಗೆ ಅದು ಹೊಂದುತ್ತದೆಯೇ?

ಉತ್ತರ ಕರ್ನಾಟಕದವರು, ಕರಾವಳಿಯವರು ಈ ಮಾತನ್ನು ರಬ್ಬರಿಗೆ ಬಳಸುವುದನ್ನು ಕೇಳಿದ್ದೀರಾ? ಇಲ್ಲವಾದರೆ ನಿಮ್ಮ ಕಡೆಯ ಗ್ಯಾರೇಜಿನಲ್ಲಿ ಏನನ್ನುತ್ತಾರೆ?

ಇನ್ನೊಂದು ಸಣ್ಣ ಪ್ರಶ್ನೆ. ಎತ್ತಿನ ಗಾಡಿಯ ಗಾಲಿಯ ಗುಂಬದೊಳಗೆ, ಅಚ್ಚು ಹಾಯುವ ಜಾಗದಲ್ಲಿ ಕಬ್ಬಿಣದ ಬಳೆ ಕೂರಿಸಿರುತ್ತಾರಲ್ಲ, ಅದಕ್ಕೆ ನಿಮ್ಮ ಊರಿನ ಕಮ್ಮಾರರು, ಬಡಗಿಗಳು ಏನು ಹೆಸರು ಹೇಳುತ್ತಾರೆ? ಊರಿಂದೂರಿಗೆ ಬೇರೆ ಇರಬಹುದು. ಬರೆಯುವಾಗ ತಾಲ್ಲೂಕಿನ ಹೆಸರನ್ನೂ ಸೇರಿಸಿ.